ಹರೆಯದ ಮಕ್ಕಳೊಡನೆ ಮೊದಲ ಹಡಗು ಪ್ರವಾಸ



ಹಾವೇರಿ ಜಿಲ್ಲೆಯ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ: "ನಮಗೆ ಇಬ್ಬರು ಮಕ್ಕಳು. ಮಗಳು ಈ ವರ್ಷ ದ್ವಿತೀಯ ಪಿ.ಯು.ಸಿ., ಮಗ ಒಂಬತ್ತನೇ ತರಗತಿ. ಬೇಸಿಗೆಗೆ ಚೀಟಿ ಹಣ ಕೈಗೆ ಬರುತ್ತದೆ. ಮುಂಬಯಿಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಹೋಗೋಣ ಅಂತ ಮಕ್ಕಳು ಹಠ ಹಿಡಿದಿದ್ದಾರೆ. ಯಜಮಾನರು 'ಅಷ್ಟು ದುಡ್ಡಿಗೆ ಎಲ್ಲರೂ ಕಾಶಿಗೇ ಹೋಗಿ ಬರಬಹುದು' ಅಂತಾರೆ. ಹೋಗುವುದಾದರೆ ಯಾವುದನ್ನು ಆರಿಸಬೇಕು, ಎಷ್ಟು ದಿನದ್ದು, ಎಂಥ ಕೋಣೆ, ಒಂದೂ ತಿಳಿಯದು. ದಯವಿಟ್ಟು ತಿಳಿಸಿ."

ಈ ಸೋದರಿಯ ಗೊಂದಲ ಅವರೊಬ್ಬರದೇ ಅಲ್ಲ. ಮನೆಯಲ್ಲಿ ಹದಿನಾಲ್ಕು ಹದಿನೇಳರ ಮಕ್ಕಳಿದ್ದರೆ ಬೇಸಿಗೆ ರಜಕ್ಕೆ ಮುಂಚೆ ಇಂಥ ಚರ್ಚೆ ನಡೆದೇ ನಡೆಯುತ್ತದೆ. ಆದ್ದರಿಂದ ಈ ಸಲದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಕ್ರೂಸ್ ಎಂದರೇನು ಎಂಬುದು ಸ್ಪಷ್ಟವಾಗಲಿ. ನಮ್ಮ ಕರಾವಳಿಯ ಹಿರಿಯರು ಆಗಬೋಟಿನಲ್ಲಿ ಮುಂಬಯಿಗೆ ಹೋಗಿ ಬರುತ್ತಿದ್ದ ಕಥೆ ಕೇಳಿದ್ದೀರಿ. ಅದು ಊರಿಂದ ಊರಿಗೆ ಮುಟ್ಟಿಸುವ ಹಡಗು. ಕ್ರೂಸ್ ಹಾಗಲ್ಲ. ಇದರಲ್ಲಿ ಹಡಗೇ ಪ್ರವಾಸದ ಊರು. ಮಲಗುವ ಕೋಣೆ, ಊಟದ ಮನೆ, ನಾಟಕ-ಸಂಗೀತದ ಸಭಾಂಗಣ, ಈಜುಕೊಳ, ಅಂಗಡಿ ಎಲ್ಲವೂ ಒಳಗೇ ಇರುತ್ತವೆ. ಅನೇಕ ಸಲ ಹೊರಟ ಬಂದರಿಗೇ ತಿರುಗಿ ತಂದು ಬಿಡುತ್ತಾರೆ. ನಮ್ಮ ದೇಶದಲ್ಲಿ ಈಗ ಹೆಚ್ಚು ಹೆಸರು ಕೇಳಿಬರುವುದು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಸಂಚಾರ ಶುರುಮಾಡಿದ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು. ಅದು ಹೊಸ ಹಡಗೇನಲ್ಲ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ವಿದೇಶಗಳಲ್ಲಿ ಬೇರೆ ಹೆಸರುಗಳಿಂದ ಓಡಿ ಆಮೇಲೆ ಇಲ್ಲಿಗೆ ಬಂದದ್ದು. 11 ಅಂತಸ್ತು, 200 ಮೀಟರಿಗೂ ಹೆಚ್ಚು ಉದ್ದ. ನಮ್ಮೂರಿನ ತೇರುಬೀದಿಯಷ್ಟು ಉದ್ದದ ಕಟ್ಟಡವೊಂದು ನೀರಿನ ಮೇಲೆ ತೇಲುತ್ತಿದೆ ಎಂದುಕೊಳ್ಳಿ.

ಮಂಗಳೂರಿನ ಪಣಂಬೂರು ಬಂದರಿಗೂ ಚಳಿಗಾಲದಲ್ಲಿ ವಿದೇಶೀ ಕ್ರೂಸ್ ಹಡಗುಗಳು ಬರುತ್ತವಲ್ಲ, ಅಲ್ಲಿಂದಲೇ ಹತ್ತಬಾರದೇ ಅಂತ ಕೆಲವರು ಕೇಳುತ್ತಾರೆ. ಆ ಹಡಗಿನವರು ಇಳಿದು ಕದ್ರಿ ದೇವಸ್ಥಾನ, ಮೂಡಬಿದಿರೆಯ ಬಸದಿ ಎಲ್ಲ ನೋಡಿ ಸಂಜೆಗೆ ಮತ್ತೆ ಹತ್ತಿ ಹೋಗುವವರು. ದೂರದ ದೇಶದಿಂದ ಟಿಕೆಟ್ಟು ಮಾಡಿಸಿಕೊಂಡು ಬಂದವರು. ನಮಗೆ ಮುಂಬಯಿ, ಇಲ್ಲವೇ ಚೆನ್ನೈ, ಕೊಚ್ಚಿ, ಗೋವಾ ಇವೇ ದಾರಿ.

ಮೊದಲ ಪ್ರಶ್ನೆ: ಯಾರಿಗೆ ಏನು ಬೇಕು?

ಟಿಕೆಟ್ಟಿನ ಬೆಲೆ ಕೇಳುವುದಕ್ಕೆ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಊಟ ಆದ ಮೇಲೆ ಮನೆಯ ಒಬ್ಬೊಬ್ಬರ ಕೈಗೂ ಒಂದು ಚೀಟಿ ಕೊಡಿ. 'ಹಡಗಿನಲ್ಲಿ ನನಗೆ ಏನು ಬೇಕು, ಏನು ಬೇಡ' ಅಂತ ಎರಡೆರಡು ಸಾಲು ಬರೆಯಲಿ. ಮಗಳು ಕಡಲು ನೋಡುತ್ತಾ ಸುಮ್ಮನೆ ಕುಳಿತಿರಬೇಕು ಅನ್ನಬಹುದು. ಮಗನಿಗೆ ಈಜುಕೊಳ ಬೇಕಿರಬಹುದು. ಯಜಮಾನರಿಗೆ ಗದ್ದಲ ಬೇಡ. ಅತ್ತೆಯವರು ಬರುವುದಾದರೆ ಅವರಿಗೆ ಮೆಟ್ಟಿಲು ಬೇಡ, ಈರುಳ್ಳಿ-ಬೆಳ್ಳುಳ್ಳಿ ಬೇಡ. ನೀವೂ ಒಂದು ಚೀಟಿ ಬರೆಯಿರಿ, ಮರೆಯಬೇಡಿ. ಎರಡು ದಿನ ಒಲೆಯ ಮುಂದೆ ನಿಲ್ಲಬಾರದು ಅಂತ ನಿಮಗಿದ್ದರೆ ಅದನ್ನೇ ಬರೆಯಿರಿ. ಅದರಲ್ಲಿ ನಾಚಿಕೆ ಏನಿದೆ?

ಈ ಚೀಟಿಗಳಿಂದ ಇನ್ನೊಂದು ಲಾಭವುಂಟು. ಹರೆಯದ ಮಕ್ಕಳನ್ನು ಕೇಳದೆ ದೊಡ್ಡವರೇ ಎಲ್ಲ ಗೊತ್ತು ಮಾಡಿದರೆ ಅವರು ಮುಖ ದಪ್ಪ ಮಾಡಿಕೊಂಡು ಹಿಂದೆ ಬರುತ್ತಾರೆ. ತಾವೂ ಸೇರಿ ಆರಿಸಿದ್ದಾದರೆ ಸಣ್ಣಪುಟ್ಟ ಕೊರತೆಗಳನ್ನು ತಾವೇ ಸಹಿಸಿಕೊಳ್ಳುತ್ತಾರೆ.

ಈ ವಯಸ್ಸಿನ ಮಕ್ಕಳಿಗೆ ಹಡಗು ಒಪ್ಪುವುದಕ್ಕೆ ಒಂದು ವಿಶೇಷ ಕಾರಣವಿದೆ. ಅಮ್ಮನ ಸೆರಗು ಹಿಡಿದು ನಡೆಯುವ ವಯಸ್ಸು ಅವರದಲ್ಲ. ಗೊತ್ತಿಲ್ಲದ ಊರಿನಲ್ಲಿ ಒಬ್ಬರೇ ತಿರುಗಾಡಲು ಬಿಡುವ ಧೈರ್ಯ ನಮಗಿಲ್ಲ. ಯಾವ ಊರಿಗೆ ಹೋದರೂ ಇದೇ ತಕರಾರು. ಹಡಗಿನಲ್ಲಿ ಮಾತ್ರ ಅವರು ತಾವಾಗಿ ಅಡ್ಡಾಡಬಹುದು. ಎಲ್ಲಿ ಹೋದರೂ ಹಡಗು ಬಿಟ್ಟು ಹೋಗುವಂತಿಲ್ಲ. ಅವರಿಗೆ ಸ್ವಾತಂತ್ರ್ಯ, ನಮಗೆ ನೆಮ್ಮದಿ. ನನ್ನ ಅಭಿಪ್ರಾಯದಲ್ಲಿ ಹಡಗಿಗೆ ಕೊಡುವ ಹಣಕ್ಕೆ ನಿಜವಾದ ಪ್ರತಿಫಲ ಇದೇ. ಥಳುಕಿನ ದೀಪ, ನೃತ್ಯ ಎಲ್ಲ ಆಮೇಲಿನದು.

ಎಷ್ಟು ರಾತ್ರಿ?

ಮೊದಲ ಸಲಕ್ಕೆ ಎರಡು, ಹೆಚ್ಚೆಂದರೆ ಮೂರು ರಾತ್ರಿ ಸಾಕು. 'ಅಷ್ಟು ದೂರ ಹೋಗಿ ಎರಡೇ ದಿನವೇ? ಐದು ರಾತ್ರಿಯದ್ದರಲ್ಲಿ ದಿನಕ್ಕೆ ಬೀಳುವ ಖರ್ಚು ಕಡಿಮೆ' ಅಂತ ಏಜೆಂಟರು ಹೇಳುತ್ತಾರೆ. ಲೆಕ್ಕ ಸರಿ ಇರಬಹುದು. ಆದರೆ ನಿಮ್ಮ ಮನೆಯವರಲ್ಲಿ ಯಾರಿಗೆ ಕಡಲು ಒಗ್ಗುತ್ತದೆ, ಯಾರಿಗೆ ಒಗ್ಗದು ಎಂಬುದು ಇನ್ನೂ ಗೊತ್ತಿಲ್ಲ. ಒಗ್ಗದವರಿಗೆ ಎರಡು ರಾತ್ರಿ ಹೇಗೋ ಕಳೆಯುತ್ತದೆ, ಐದು ರಾತ್ರಿ ಶಿಕ್ಷೆಯಾಗುತ್ತದೆ. ನಡುವೆ ಇಳಿದು ಬಸ್ಸು ಹತ್ತಿ ಬರುವ ಹಾಗಿಲ್ಲ.

ಎರಡು ರಾತ್ರಿಯ ಪ್ರವಾಸಗಳಲ್ಲಿ ಎರಡು ಬಗೆ. ಒಂದರಲ್ಲಿ ಹಡಗು ಎಲ್ಲೂ ನಿಲ್ಲದೆ ಸಮುದ್ರದಲ್ಲೇ ಸುತ್ತಿ ಹಿಂದಿರುಗುತ್ತದೆ. ಇನ್ನೊಂದರಲ್ಲಿ ಯಾವುದಾದರೂ ಊರಿನಲ್ಲಿ ಹಗಲು ನಿಲ್ಲುತ್ತದೆ. 'ಹೈ ಸೀಸ್' ಎಂದು ಕಾರ್ಯಕ್ರಮದಲ್ಲಿ ಅಚ್ಚಾಗಿದ್ದರೆ ಅದು ಮೊದಲನೆಯ ಬಗೆ, ಎಲ್ಲೂ ಇಳಿಸುವುದಿಲ್ಲ ಎಂದರ್ಥ. ಇದನ್ನು ತಿಳಿಯದೆ ಹೋದವರು 'ಊರು ತೋರಿಸಲೇ ಇಲ್ಲ' ಅಂತ ಜಗಳ ಕಾಯುವುದುಂಟು. ಹರೆಯದ ಮಕ್ಕಳಿಗೆ ಒಂದು ಹಗಲಾದರೂ ನೆಲ ಸಿಗುವಂಥದ್ದು ಮೇಲು. ಮುಂಬಯಿಯಿಂದ ಸುಮಾರು 400 ಕಿಲೋಮೀಟರ್ ದೂರದ ಗೋವಾಕ್ಕೆ ಹೋಗುವ ಹಡಗು ಮುರ್ಮುಗೋವಾ ಬಂದರಿನಲ್ಲಿ ನಿಲ್ಲುತ್ತದೆ.

ನಮ್ಮ ಉತ್ತರ ಕರ್ನಾಟಕದ ಸೋದರಿಯರಿಗೆ ಒಂದು ಮಾತು. ಮುಂಬಯಿಯಲ್ಲಿ ಹತ್ತಿ ಗೋವಾದಲ್ಲೇ ಇಳಿದುಬಿಡುವ ಒಂದು ಕಡೆಯ ಟಿಕೆಟ್ಟು ಸಿಗುತ್ತದೆಯೇ ಎಂದು ವಿಚಾರಿಸಿ. ಸಿಕ್ಕಿದರೆ ಬಂದರಿಗೆ ಹತ್ತಿರದ ವಾಸ್ಕೋದಿಂದ ಲೋಂಡಾ, ಧಾರವಾಡ, ಹುಬ್ಬಳ್ಳಿ ಮೇಲೆ ರೈಲು ದಾರಿ ಇದೆ. ಮುಂಬಯಿಗೆ ತಿರುಗಿ ಹೋಗಿ ಅಲ್ಲಿಂದ ಮತ್ತೊಂದು ರಾತ್ರಿ ರೈಲಿನಲ್ಲಿ ಬರುವುದು ತಪ್ಪುತ್ತದೆ.

ಲಕ್ಷದ್ವೀಪದ ಪ್ರವಾಸಗಳು ನಾಲ್ಕೈದು ರಾತ್ರಿಯವು. ನೀರು ಗಾಜಿನಂತೆ ತಿಳಿ, ನಿಜ. ಆದರೆ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ. ದೂರದಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ದಾಟಿಸುತ್ತಾರೆ. ಅಲೆ ಜೋರಾಗಿದ್ದರೆ ದ್ವೀಪಕ್ಕೆ ಇಳಿಸದೆಯೇ ಹೋಗಬಹುದು. ಮೊಣಕಾಲು ನೋವಿನ ಹಿರಿಯರಿಗೆ ದೋಣಿಗೆ ಇಳಿದು ಹತ್ತುವುದು ಕಷ್ಟ. ಸಿಂಗಪುರದಿಂದ ಹೊರಡುವ ಮೂರು ನಾಲ್ಕು ರಾತ್ರಿಯ ದೊಡ್ಡ ಹಡಗುಗಳೂ ಇವೆ. ಅವಕ್ಕೆ ಪಾಸ್‌ಪೋರ್ಟು, ವೀಸಾ, ವಿಮಾನದ ಖರ್ಚು. ಇವೆರಡನ್ನೂ ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ.

ಯಾವಾಗ?

ಅರಬ್ಬೀ ಸಮುದ್ರಕ್ಕೆ ಮುಂಗಾರು ಇಳಿದ ಮೇಲೆ ವಿಹಾರದ ಮಾತೇ ಇಲ್ಲ. 2022, 2023ರಲ್ಲಿ ಜೂನ್ ಬರುತ್ತಲೇ ಎಂಪ್ರೆಸ್ ಹಡಗು ಚೆನ್ನೈ ಕಡೆಗೆ ಹೋಗಿ ಅಲ್ಲಿಂದ ಓಡಿತು. 2023ರಲ್ಲಿ ಅಲ್ಲಿಂದ ಶ್ರೀಲಂಕಾಕ್ಕೂ ಹೋಗಿ ಬಂತು. ಶ್ರೀಲಂಕಾದ್ದಾದರೆ ಪಾಸ್‌ಪೋರ್ಟು ಬೇಕು. ಸಮುದ್ರ ಶಾಂತವಾಗಿರುವುದು ನವೆಂಬರಿನಿಂದ ಮಾರ್ಚಿಯವರೆಗೆ. ಆದರೆ ಅದು ಶಾಲೆ-ಕಾಲೇಜಿನ ಕಾಲ. ಡಿಸೆಂಬರ್ ಕೊನೆಯ ವಾರ ರಜ ಸಿಕ್ಕರೂ ಆಗ ಹೊಸ ವರ್ಷದ ಗದ್ದಲ. ದರವೂ ಏರಿರುತ್ತದೆ, ಕುಡಿದು ಕುಣಿಯುವ ಗುಂಪೂ ಹೆಚ್ಚಿರುತ್ತದೆ. ಬೆಳೆದ ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ವಾರವನ್ನು ಬಿಡುವುದೇ ವಾಸಿ. ಸಾಧ್ಯವಿದ್ದರೆ ಶನಿವಾರ-ಭಾನುವಾರ ಬಿಟ್ಟು ವಾರದ ನಡುವೆ ಹೊರಡುವ ದಿನವನ್ನು ಆರಿಸಿ.

ದ್ವಿತೀಯ ಪಿ.ಯು.ಸಿ. ಮಕ್ಕಳಿದ್ದ ಮನೆಯಲ್ಲಿ ದಿನ ಹುಡುಕುವುದೇ ಕಷ್ಟ. ಏಪ್ರಿಲಿನಲ್ಲಿ ಸಿ.ಇ.ಟಿ., ಮೇ ತಿಂಗಳ ಮೊದಲ ದಿನಗಳಲ್ಲಿ ನೀಟ್. ನೀಟ್ ಬರೆಯದ ಮಕ್ಕಳಿಗೆ ಏಪ್ರಿಲ್ ಕೊನೆಯ ವಾರ, ಬರೆಯುವವರಿಗೆ ಪರೀಕ್ಷೆ ಮುಗಿದ ಮಾರನೆಯ ವಾರ ಸೂಕ್ತ. ಮೇ ಕೊನೆಯವರೆಗೆ ತಳ್ಳಬೇಡಿ. ಮುಂಗಾರಿಗೆ ಮುಂಚಿನ ಆ ದಿನಗಳಲ್ಲಿ ಚಂಡಮಾರುತ ಏಳುವುದುಂಟು. 2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ನಮ್ಮ ಪಶ್ಚಿಮ ಕರಾವಳಿಯನ್ನು ಹೇಗೆ ಬಡಿಯಿತು ಎಂಬುದು ನೆನಪಿದೆಯಲ್ಲ? ಹವೆ ಕೆಟ್ಟರೆ ದಾರಿ ಬದಲಿಸುವ, ಊರಿನಲ್ಲಿ ನಿಲ್ಲದೆ ಹೋಗುವ ಅಧಿಕಾರ ಕಪ್ತಾನನಿಗೆ ಇರುತ್ತದೆ. ಅದಕ್ಕೆ ಹಣ ವಾಪಸು ಕೊಡುತ್ತಾರೆಯೇ ಇಲ್ಲವೇ ಎಂಬುದನ್ನು ನಿಯಮದಲ್ಲಿ ಓದಿಕೊಳ್ಳಿ.

ಕೋಣೆಯ ವಿಚಾರ

ಹಡಗಿನ ಕೋಣೆಗೆ ಕ್ಯಾಬಿನ್ ಎನ್ನುತ್ತಾರೆ. ಮೂರು ಬಗೆ ಮುಖ್ಯ. ಕಿಟಕಿಯೇ ಇಲ್ಲದ ಒಳಗಿನ ಕೋಣೆ, ತೆರೆಯಲಾಗದ ಗಾಜಿನ ಕಿಟಕಿಯ ಕೋಣೆ, ಬಾಲ್ಕನಿ ಇರುವ ಕೋಣೆ. ಬೆಲೆ ಇದೇ ಕ್ರಮದಲ್ಲಿ ಏರುತ್ತದೆ.

ಹಳೆಯ ಹಡಗುಗಳಲ್ಲಿ ಒಳಗಿನ ಕೋಣೆ ಬಹಳ ಚಿಕ್ಕದು, ನಮ್ಮ ಮನೆಗಳ ಅಡುಗೆಮನೆಯಷ್ಟು ಇದ್ದರೆ ಹೆಚ್ಚು. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು. ಮಲಗಲು ಮಾತ್ರ ಬರುವ ಮಕ್ಕಳಿಗೆ ಇದು ಸಾಕು. ಉಸಿರು ಕಟ್ಟಿದಂತೆ ಅನ್ನಿಸುವ ಸ್ವಭಾವದವರಿಗೆ ಕಿಟಕಿ ಬೇಕೇ ಬೇಕು. ನಾಲ್ವರು ಒಂದೇ ಕೋಣೆಯಲ್ಲಿ ಇರಬಹುದು. ಕೆಳಗೆ ಇಬ್ಬರು, ರೈಲಿನ ಬರ್ತಿನ ಹಾಗೆ ಗೋಡೆಯಿಂದ ಇಳಿಸುವ ಮೇಲಿನ ಹಾಸಿಗೆಯಲ್ಲಿ ಇಬ್ಬರು. ಮೂರನೆಯ ನಾಲ್ಕನೆಯವರಿಗೆ ದರವೂ ಕಡಿಮೆ. ಆದರೆ ಒಂದು ವಿಷಯ ಯೋಚಿಸಿ. ಹದಿನೇಳರ ಮಗಳು, ಹದಿನಾಲ್ಕರ ಮಗ, ಅಪ್ಪ ಎಲ್ಲರೂ ಇರುವ ಆ ಗೂಡಿನಲ್ಲಿ, ಒಂದೇ ಸಣ್ಣ ಬಚ್ಚಲಿನಲ್ಲಿ ಮಗಳಿಗೆ ಬಟ್ಟೆ ಬದಲಿಸುವುದೂ ಮುಜುಗರ. ಹುಡುಗಿಯರು ಬಾಯಿಬಿಟ್ಟು ಹೇಳುವುದಿಲ್ಲ, ಸಿಡಿಮಿಡಿಗೊಳ್ಳುತ್ತಾರೆ ಅಷ್ಟೆ.

ಕೈಗೆ ಎಟಕುವುದಾದರೆ ಅಕ್ಕಪಕ್ಕದ ಎರಡು ಚಿಕ್ಕ ಕೋಣೆಗಳನ್ನು ತೆಗೆದುಕೊಳ್ಳಿ. ಒಂದು ದೊಡ್ಡ ಬಾಲ್ಕನಿ ಕೋಣೆಗೆ ಕೊಡುವ ಹಣಕ್ಕೂ ಎರಡು ಒಳಕೋಣೆಗಳ ಹಣಕ್ಕೂ ಕೆಲವು ಸಲ ಹೆಚ್ಚು ಅಂತರ ಇರುವುದಿಲ್ಲ. ಎರಡರ ದರವನ್ನೂ ಕೇಳಿ ಹೋಲಿಸಿ. ಚಿಕ್ಕ ವಯಸ್ಸಿನ ಮಕ್ಕಳನ್ನೇ ಒಂದು ಕೋಣೆಯಲ್ಲಿ ಇರಿಸಲು ಬಹುತೇಕ ಹಡಗಿನವರು ಒಪ್ಪುವುದಿಲ್ಲ, ಪ್ರತಿ ಕೋಣೆಯಲ್ಲೂ ವಯಸ್ಕರೊಬ್ಬರ ಹೆಸರು ಇರಬೇಕು ಎನ್ನುತ್ತಾರೆ. ಆದ್ದರಿಂದ ಅಮ್ಮ-ಮಗಳು ಒಂದರಲ್ಲಿ, ಅಪ್ಪ-ಮಗ ಒಂದರಲ್ಲಿ. ರಾತ್ರಿ ದೀಪ ಆರಿಸಿದ ಮೇಲೆ ಅಮ್ಮ ಮಗಳು ಮಾತಾಡಿಕೊಳ್ಳಲು ಸಿಗುವ ಹೊತ್ತು ಮನೆಯಲ್ಲಿ ಯಾವಾಗ ಸಿಗುತ್ತದೆ ಹೇಳಿ? ಅಪ್ಪ-ಮಗನಿಗೂ ಅದು ಒಳ್ಳೆಯದೇ.

ಕೋಣೆ ಎಲ್ಲಿದೆ ಎಂಬುದೂ ಮುಖ್ಯ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಮುಂತುದಿಯಲ್ಲಿ, ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ತೊಟ್ಟಿಲಿನ ಹಗ್ಗ ಕಟ್ಟಿದ ಜಾಗ ಕಡಿಮೆ ತೂಗುತ್ತದಲ್ಲ, ಹಾಗೆ. ಸಂಗೀತ-ನೃತ್ಯದ ಸಭಾಂಗಣದ ಮೇಲೆ ಕೆಳಗೆ ಕೋಣೆ ಬೇಡ ಎಂದೂ ಹೇಳಿ, ಇಲ್ಲವಾದರೆ ನಡುರಾತ್ರಿಯವರೆಗೆ ನಿದ್ದೆ ಬಾರದು.

ಹಣದ ಲೆಕ್ಕ

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ದರ ಪೂರ್ತಿ ಖರ್ಚಲ್ಲ. ಅದು ಸಾಮಾನ್ಯವಾಗಿ ಒಬ್ಬರದು, ಇಬ್ಬರು ಒಂದು ಕೋಣೆಯಲ್ಲಿರುವ ಲೆಕ್ಕದ್ದು. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ ಅಥವಾ ಭಕ್ಷೀಸು, ಜಿ.ಎಸ್.ಟಿ. ಸೇರುತ್ತವೆ. 'ಮಕ್ಕಳಿಗೆ ಉಚಿತ' ಎಂದಿದ್ದರೆ ಎಷ್ಟು ವರ್ಷದೊಳಗಿನ ಮಕ್ಕಳಿಗೆ ಎಂದು ಕೇಳಿ. ಹರೆಯದ ಮಕ್ಕಳಿಗೆ ಅದು ಬಹುಮಟ್ಟಿಗೆ ಅನ್ವಯಿಸುವುದಿಲ್ಲ. ಉಚಿತ ಎಂದ ಮೇಲೂ ಶುಲ್ಕ, ತೆರಿಗೆ ಬೀಳಬಹುದು.

ಒಂದು ಹಾಳೆ ತೆಗೆದುಕೊಂಡು ಹೀಗೆ ಬರೆಯಿರಿ:

1. ಎಲ್ಲರ ಟಿಕೆಟ್ಟು, ಶುಲ್ಕ, ತೆರಿಗೆ ಎಲ್ಲ ಸೇರಿದ ಒಂದೇ ಮೊತ್ತ. ಏಜೆಂಟರಿಂದ ಬರಹದಲ್ಲಿ ಪಡೆಯಿರಿ.
2. ಊರಿಂದ ಬಂದರಿನವರೆಗೆ ಹೋಗಿ ಬರುವ ರೈಲು, ಟ್ಯಾಕ್ಸಿ.
3. ಹೊರಡುವ ಹಿಂದಿನ ರಾತ್ರಿ ಮುಂಬಯಿಯಲ್ಲಿ ತಂಗುವ ಖರ್ಚು. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಆದ್ದರಿಂದ ಒಂದು ದಿನ ಮುಂಚೆಯೇ ಹೋಗಿರಿ.
4. ಹಡಗು ನಿಂತ ಊರಿನಲ್ಲಿ ಸುತ್ತಾಟದ ಖರ್ಚು.
5. ಹಡಗಿನೊಳಗಿನ ಕೈಖರ್ಚು.

ಈ ಐದನೆಯದೇ ನಾವು ಎಣಿಸದೆ ಬಿಡುವಂಥದ್ದು. ಟಿಕೆಟ್ಟಿನಲ್ಲಿ ಕೋಣೆ, ಮುಖ್ಯ ಊಟದ ಮನೆಗಳಲ್ಲಿ ಊಟ-ತಿಂಡಿ, ಈಜುಕೊಳ, ಹೆಚ್ಚಿನ ಮನರಂಜನೆ ಸೇರಿರುತ್ತವೆ. ತಂಪು ಪಾನೀಯ, ವಿಶೇಷ ಹೋಟೆಲು, ಫೋಟೋ, ವೀಡಿಯೋ ಆಟಗಳು, ಅಂತರಜಾಲ, ಮದ್ಯ ಇವಕ್ಕೆ ಬೇರೆ ಹಣ. ಒಳಗೆ ನೋಟು ನಡೆಯುವುದಿಲ್ಲ. ಕೋಣೆಯ ಬೀಗದ ಕಾರ್ಡನ್ನೇ ತೋರಿಸಿ ಕೊಳ್ಳುವುದು, ಕೊನೆಗೆ ಒಟ್ಟು ಬಿಲ್ಲು ಬರುವುದು. ಮಕ್ಕಳಿಗೆ ಇದು ಪುಕ್ಕಟೆ ಸಿಕ್ಕಂತೆ ಕಾಣುತ್ತದೆ. ಹತ್ತಿದ ಕೂಡಲೇ ಮಕ್ಕಳ ಕಾರ್ಡಿನಲ್ಲಿ ಖರ್ಚಿಗೆ ಅವಕಾಶ ಬೇಡ, ಅಥವಾ ಇಷ್ಟೇ ಇರಲಿ ಎಂದು ಕೌಂಟರಿನಲ್ಲಿ ಹೇಳಿ. ಹೊರಡುವ ಮುಂಚೆಯೇ 'ನಿಮ್ಮ ಪಾಲಿಗೆ ಇಷ್ಟು ರೂಪಾಯಿ, ಹೇಗೆ ಬೇಕಾದರೂ ಖರ್ಚು ಮಾಡಿ' ಅಂತ ಗೊತ್ತು ಮಾಡಿದರೆ ಹಡಗಿನಲ್ಲಿ ವಾದವೇ ಇರುವುದಿಲ್ಲ.

ಮೊಬೈಲಿನ ಎಚ್ಚರ ಬೇರೆಯೇ ಹೇಳಬೇಕು. ದಡ ಮರೆಯಾದ ಮೇಲೆ ನಮ್ಮ ಸಾಮಾನ್ಯ ನೆಟ್‌ವರ್ಕು ಇರುವುದಿಲ್ಲ. ಹಡಗಿಗೇ ಬೇರೆ ಉಪಗ್ರಹ ನೆಟ್‌ವರ್ಕು ಇದ್ದು ಫೋನು ತಾನಾಗಿ ಅದಕ್ಕೆ ಅಂಟಿಕೊಂಡರೆ ಬಿಲ್ಲು ನೋಡಿ ಎದೆ ಒಡೆದೀತು. ಹೊರಡುತ್ತಲೇ ಎಲ್ಲರ ಫೋನನ್ನೂ ಏರ್‌ಪ್ಲೇನ್ ಮೋಡಿಗೆ ಹಾಕಿಸಿ. ಫೋಟೋ ತೆಗೆಯಲು ತೊಂದರೆಯಿಲ್ಲ. ಮೊದಲ ಸಂಜೆ ಮಕ್ಕಳು ಚಡಪಡಿಸುತ್ತಾರೆ, ಮಾರನೆಯ ದಿನ ಇಸ್ಪೀಟೋ ಚದುರಂಗವೋ ಹಿಡಿದು ಕೂರುತ್ತಾರೆ. ಒಂದು ಕಟ್ಟು ಇಸ್ಪೀಟು ಜೊತೆಗಿರಲಿ.

ಊಟ, ಹೊಟ್ಟೆ, ಆರೋಗ್ಯ

ನಮ್ಮ ದೇಶದಿಂದ ಹೊರಡುವ ಹಡಗಿನಲ್ಲಿ ಶಾಕಾಹಾರಕ್ಕೆ ಕೊರತೆಯಿಲ್ಲ, ಜೈನರ ಊಟವೂ ಸಿಗುತ್ತದೆ. ಈರುಳ್ಳಿ-ಬೆಳ್ಳುಳ್ಳಿ ತಿನ್ನದ ಹಿರಿಯರಿದ್ದರೆ ಟಿಕೆಟ್ಟು ಮಾಡಿಸುವಾಗಲೇ ಬರೆಸಿ. ಮಾಂಸಾಹಾರದ ಪಾತ್ರೆಗಳು ಪಕ್ಕದಲ್ಲೇ ಇರುತ್ತವೆ ಎಂಬುದನ್ನೂ ಅವರಿಗೆ ಮುಂಚೆಯೇ ಹೇಳಿಡಿ. ಮನೆಯಲ್ಲಿ ಮಾಡಿದ ಅಡುಗೆ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ಲು ಇವನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಚಪಾತಿ, ಚಟ್ನಿಪುಡಿ, ಮಂಡಕ್ಕಿ ಎಲ್ಲ ರೈಲಿನ ಮಟ್ಟಿಗೆ ಸಾಕಾಗುವಷ್ಟು ಮಾಡಿಕೊಳ್ಳಿ.

ಹೊಟ್ಟೆ ತೊಳಸುವುದೇ ಎಲ್ಲರಿಗೂ ಇರುವ ಭಯ. ದೊಡ್ಡ ಹಡಗು ಬಸ್ಸಿನಂತೆ ಕುಲುಕುವುದಿಲ್ಲ, ಮೆಲ್ಲಗೆ ತೂಗುತ್ತದೆ. ಆದರೂ ಘಟ್ಟದ ತಿರುವಿನಲ್ಲಿ ವಾಂತಿ ಮಾಡುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಿ. ತೊಳಸಲು ಶುರುವಾದ ಮೇಲೆ ನುಂಗುವುದಕ್ಕಿಂತ ಮುಂಚೆಯೇ ನುಂಗಿದರೆ ಗುಣ ಹೆಚ್ಚು. ಬರಿಹೊಟ್ಟೆಯೂ ಬೇಡ, ಎಣ್ಣೆ-ಖಾರ ಹೊಟ್ಟೆ ಬಿರಿಯುವಷ್ಟು ತಿನ್ನುವುದೂ ಬೇಡ. ತಲೆಸುತ್ತು ಅನ್ನಿಸಿದಾಗ ಕೋಣೆಯಲ್ಲಿ ಮಲಗಿ ಓದುವುದನ್ನು ಬಿಟ್ಟು ಹೊರಗೆ ಗಾಳಿಗೆ ಬಂದು ದೂರದ ದಿಗಂತ ನೋಡುತ್ತಾ ನಿಲ್ಲಿ.

ಶುಂಠಿಯೂ ಒಳ್ಳೆಯದು. ಅರ್ಧ ಬಟ್ಟಲು ಪುಡಿಮಾಡಿದ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಗಟ್ಟಿ ಪಾಕ ಬರುವವರೆಗೆ ಕುದಿಸಿ. ಎರಡು ಚಮಚ ಒಣಶುಂಠಿ ಪುಡಿ, ಚಿಟಿಕೆ ಏಲಕ್ಕಿ, ಒಂದು ಚಮಚ ತುಪ್ಪ ಬೆರೆಸಿ ಕೆಳಗಿಳಿಸಿ, ಬಿಸಿ ಆರುವ ಮುಂಚೆ ಹುಣಸೆಬೀಜದ ಗಾತ್ರದ ಗುಳಿಗೆ ಕಟ್ಟಿ. ರೈಲಿನಲ್ಲೂ ಟ್ಯಾಕ್ಸಿಯಲ್ಲೂ ಬಾಯಿಗೆ ಹಾಕಿಕೊಳ್ಳಬಹುದು.

ಒಗ್ಗುತ್ತದೋ ಇಲ್ಲವೋ ಎಂದು ತೀರಾ ಅನುಮಾನವಿದ್ದರೆ ಒಂದು ಸುಲಭದ ಪರೀಕ್ಷೆಯಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಬನ್ನಿ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ದೋಣಿ ಇರುತ್ತದೆ. ಸಣ್ಣ ದೋಣಿ ಹಡಗಿಗಿಂತ ಹೆಚ್ಚು ಅಲ್ಲಾಡುತ್ತದೆ. ಅದನ್ನು ತಡೆದುಕೊಂಡವರಿಗೆ ಹಡಗಿನ ಭಯ ಬೇಕಿಲ್ಲ.

ನಿಮಗೂ ಮಗಳಿಗೂ ಬೇಕಾದ ಸ್ಯಾನಿಟರಿ ಪ್ಯಾಡುಗಳು ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚೇ ಇರಲಿ. ಹಡಗಿನ ಶೌಚಾಲಯ ಗಾಳಿಯಿಂದ ಎಳೆಯುವ ಬಗೆಯದು, ಅದರಲ್ಲಿ ಏನನ್ನೂ ಹಾಕಬಾರದು ಎಂದು ಮಗಳಿಗೆ ಮೊದಲೇ ಹೇಳಿ. ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಂಡು ಕೋಣೆಗೆ ಮುಟ್ಟಿಸಲು ಕೆಲವು ಗಂಟೆ ಮಾಡುತ್ತಾರೆ. ಔಷಧಿ, ಮೂಲ ಗುರುತಿನ ಚೀಟಿಗಳು, ಒಂದು ಜೊತೆ ಬಟ್ಟೆ, ಈಜುಡುಪು ಕೈಚೀಲದಲ್ಲೇ ಇರಲಿ. ಈಜುಡುಪು ಇಲ್ಲದೆ ಕೊಳಕ್ಕೆ ಇಳಿಸುವುದಿಲ್ಲ. ಒಳಗೆಲ್ಲ ಏರ್ ಕಂಡೀಶನ್ ಇರುವುದರಿಂದ ಒಂದು ಶಾಲು ಬೇಕು.

ಮಕ್ಕಳಿಗೆ ಎಷ್ಟು ಸಡಿಲ?

ಸ್ವಾತಂತ್ರ್ಯ ಕೊಡಲಿಕ್ಕೇ ಕರೆದುಕೊಂಡು ಹೋಗಿ, ಅಲ್ಲಿ ಗಳಿಗೆಗೊಮ್ಮೆ 'ಎಲ್ಲಿದ್ದೀಯಾ' ಅಂತ ಹುಡುಕುವುದು ತರವಲ್ಲ. ಹಾಗೆಂದು ಹೇಳಕೇಳುವವರಿಲ್ಲದಂತೆ ಬಿಡುವುದೂ ಅಲ್ಲ. ಹತ್ತುವ ಮುಂಚೆ ನಾಲ್ಕೇ ನಾಲ್ಕು ಕಟ್ಟಳೆ ಒಪ್ಪಿಸಿ. ಊಟದ ಮೂರು ಹೊತ್ತೂ ಎಲ್ಲರೂ ಗೊತ್ತಾದ ಮೇಜಿಗೆ ಬರಬೇಕು. ಯಾರ ಕೋಣೆಗೂ ಹೋಗಬಾರದು, ಯಾರನ್ನೂ ನಮ್ಮ ಕೋಣೆಗೆ ಕರೆಯಬಾರದು. ಕಟಕಟೆಯ ಕಂಬಿ ಹತ್ತಬಾರದು, ಫೋಟೋಗಾಗಿ ಬಗ್ಗಬಾರದು. ರಾತ್ರಿ ಇಷ್ಟು ಗಂಟೆಗೆ ಕೋಣೆಯಲ್ಲಿರಬೇಕು. ಈಜುಕೊಳಕ್ಕೆ ಇಳಿಯುವಾಗ ದೊಡ್ಡವರೊಬ್ಬರು ದಡದಲ್ಲಿರಲಿ, ಕಾಯುವವರು ಇದ್ದೇ ಇರುತ್ತಾರೆ ಎಂದು ನಂಬಬೇಡಿ.

ಹಡಗಿನಲ್ಲಿ ಮದ್ಯದಂಗಡಿ, ಜೂಜಿನ ಕ್ಯಾಸಿನೋ ಇರುತ್ತವೆ. ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಕುಡಿದವರು ಹೊರಗೆ ಓಡಾಡುವುದು ಕಾಣುತ್ತದೆ. ಅದನ್ನು ಮುಚ್ಚಿಡಲು ಆಗದು. 'ಯಾರಾದರೂ ಅತಿಯಾಗಿ ಮಾತಾಡಿಸಿದರೆ ಅಲ್ಲಿಂದ ಎದ್ದು ಬಾ, ಸಮವಸ್ತ್ರದ ಸಿಬ್ಬಂದಿಗೆ ಹೇಳು, ನಮಗೆ ಹೇಳು, ನಿನ್ನನ್ನು ಯಾರೂ ಬೈಯುವುದಿಲ್ಲ' ಅಂತ ಮಗಳಿಗೂ ಮಗನಿಗೂ ಒಂದೇ ರೀತಿ ಹೇಳಿ. ನಾಳೆ ಹಾಸ್ಟೆಲ್ಲಿನಲ್ಲಿ, ಪರವೂರಿನಲ್ಲಿ ಅವರಿಗೆ ಬೇಕಾಗುವ ಬುದ್ಧಿಯೂ ಇದೇ ಅಲ್ಲವೇ?

ಹತ್ತಿದ ದಿನ ಸುರಕ್ಷತೆಯ ತಾಲೀಮು ಇರುತ್ತದೆ. ಸೀಟಿ ಊದಿದಾಗ ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೀಟು ಹೇಗೆ ತೊಡಬೇಕು ಎಂದು ತೋರಿಸುತ್ತಾರೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಡಗುಗಳ ಸುರಕ್ಷತೆಗೆ ಅಂತಾರಾಷ್ಟ್ರೀಯ ಕಟ್ಟಳೆ ಬಂತು. 2012ರಲ್ಲಿ ಇಟಲಿಯ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು ಪಕ್ಕಕ್ಕೆ ಉರುಳಿದ ಮೇಲೆ, ಈ ತಾಲೀಮು ಹಡಗು ಹೊರಡುವ ಮುಂಚೆ ಇಲ್ಲವೇ ಹೊರಟ ಕೂಡಲೇ ಆಗಬೇಕು ಎಂದು ಬಿಗಿ ಮಾಡಿದರು. ಫೋಟೋ ತೆಗೆಯುವ ಉತ್ಸಾಹದಲ್ಲಿ ಮಕ್ಕಳು ಇದನ್ನು ತಪ್ಪಿಸದಂತೆ ನೋಡಿಕೊಳ್ಳಿ.

ಹಾವೇರಿಯ ಸೋದರಿಗೆ

ಇನ್ನು ಪತ್ರ ಬರೆದ ಸೋದರಿಗೆ ನನ್ನ ಉತ್ತರ. ನಿಮ್ಮ ಮನೆಗೆ ಮುಂಬಯಿಯಿಂದ ಎರಡು ಅಥವಾ ಮೂರು ರಾತ್ರಿಯ, ಗೋವಾದಲ್ಲಿ ನಿಲ್ಲುವ ಪ್ರವಾಸವೇ ಸರಿ. ಮಗಳ ಪರೀಕ್ಷೆಗಳು ಮುಗಿದ ವಾರ, ಮಧ್ಯಭಾಗದ ಕೆಳ ಅಂತಸ್ತಿನ ಎರಡು ಚಿಕ್ಕ ಕೋಣೆಗಳು. ಹೊರಡುವ ದಿನ, ದಾರಿ, ದರ ಪ್ರತಿ ವರ್ಷವೂ ಬದಲಾಗುವುದರಿಂದ ಹಣ ಕಟ್ಟುವ ಮುಂಚೆ ಈ ವರ್ಷದ ವೇಳಾಪಟ್ಟಿ ನೋಡಿ. ಟಿಕೆಟ್ಟು ರದ್ದು ಮಾಡಿದರೆ ಎಷ್ಟು ದಿನಕ್ಕೆ ಎಷ್ಟು ಹಣ ಕಡಿತ ಎಂಬುದನ್ನು ಓದಿ ಸಹಿ ಮಾಡಿ.

ಐದು ಬಾಬುಗಳನ್ನೂ ಕೂಡಿಸಿ, ಅದರ ಮೇಲೆ ಕೈಯಲ್ಲಿ ಕಾಲುಭಾಗದಷ್ಟು ಉಳಿಯುವುದಾದರೆ ಹೋಗಿ. ಸಾಲ ಮಾಡಬೇಕು, ಮಗಳ ಕಾಲೇಜು ಶುಲ್ಕದ ಹಣಕ್ಕೆ ಕೈ ಹಾಕಬೇಕು ಅನ್ನುವುದಾದರೆ ಖಂಡಿತ ಬೇಡ. ಅಲಪ್ಪುಳದ ಹಿನ್ನೀರಿನಲ್ಲಿ ಹೌಸ್‌ಬೋಟಿನಲ್ಲಿ ಒಂದು ರಾತ್ರಿ ಕಳೆದು ಬನ್ನಿ. ಅಲ್ಲೂ ನಾಲ್ವರೇ ನೀರಿನ ಮೇಲೆ ಇರುತ್ತೀರಿ, ಅಲ್ಲೂ ಅಡುಗೆ ಮಾಡುವವರು ಬೇರೆಯವರೇ.

ಯಜಮಾನರ ಮಾತಿಗೆ ನನಗೆ ವಿರೋಧವಿಲ್ಲ. ಕಾಶಿಗೆ ನೀವಿಬ್ಬರೂ ಮುಂದೆ ಯಾವಾಗ ಬೇಕಾದರೂ ಹೋಗಬಹುದು. ಆದರೆ ಈ ದಸರೆಯ ಹೊತ್ತಿಗೆ ಮಗಳು ಯಾವುದೋ ಊರಿನ ಹಾಸ್ಟೆಲ್ಲಿನಲ್ಲಿರುತ್ತಾಳೆ. ಇನ್ನು ಮೂರು ವರ್ಷಕ್ಕೆ ಮಗನೂ ಹೊರಡುತ್ತಾನೆ. ಆಮೇಲೆ ಒಬ್ಬರಿಗೆ ರಜ ಇದ್ದಾಗ ಇನ್ನೊಬ್ಬರಿಗೆ ಪರೀಕ್ಷೆ. ನಾಲ್ವರೂ ಒಟ್ಟಿಗೆ ಎರಡು ದಿನ ಬೇರೆ ಕೆಲಸವಿಲ್ಲದೆ ಇರುವ ಬೇಸಿಗೆ ಮತ್ತೆ ಯಾವಾಗ ಕೂಡಿಬರುತ್ತದೋ. ಇದನ್ನು ಯಜಮಾನರಿಗೆ ನೀವೇ ಸಮಾಧಾನದಿಂದ ಹೇಳಿ. ಐದು ಬಾಬುಗಳ ಹಾಳೆಯನ್ನೂ ಮುಂದಿಡಿ. ಲೆಕ್ಕ ಕಣ್ಣೆದುರಿಗಿದ್ದರೆ ಗಂಡಸರು ಬೇಗ ಒಪ್ಪುತ್ತಾರೆ.

ಹೋಗಿ ಬಂದವರು ತಮ್ಮ ಅನುಭವ ಬರೆದು ಕಳಿಸಿ, ಉಳಿದ ಸೋದರಿಯರಿಗೂ ಅನುಕೂಲವಾದೀತು. ಮುಂದಿನ ಸಂಚಿಕೆಯಲ್ಲಿ, ಮೊದಲ ಬಾರಿಗೆ ಹಾಸ್ಟೆಲ್ಲಿಗೆ ಹೊರಡುವ ಮಕ್ಕಳ ಪೆಟ್ಟಿಗೆಗೆ ಏನೇನು ತುಂಬಬೇಕು ಎಂಬ ವಿಷಯ.